ವಿಹಾರ ದೋಣಿ ಎಂಜಿನ್‌ಗಳ ಹೊಗೆ ನಿಯಂತ್ರಣ

ವಿಹಾರ ದೋಣಿ ಎಂಜಿನ್‌ಗಳ ಹೊಗೆ ನಿಯಂತ್ರಣ ಎಂದರೆ ಪ್ರವಾಸ, ಜಲಕ್ರೀಡೆ, ಹವ್ಯಾಸಿ ಮೀನುಗಾರಿಕೆ ಮೊದಲಾದ ಉದ್ದೇಶಗಳಿಗೆ ಬಳಸುವ ಯಂತ್ರಚಾಲಿತ ದೋಣಿಗಳು ಹೊರಸೂಸುವ ಮಾಲಿನ್ಯಕಾರಕ ಅನಿಲಗಳಿಗೆ ಮಿತಿ ವಿಧಿಸುವ ಕಾನೂನುಗಳು ಹಾಗೂ ಆ ಮಿತಿಯನ್ನು ಪಾಲಿಸಲು ಎಂಜಿನ್‌ಗಳಲ್ಲಿ ಅಳವಡಿಸುವ ತಾಂತ್ರಿಕ ವ್ಯವಸ್ಥೆಗಳು. ಇವುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಕ್ರಿಯಾವರ್ಧಕ ಪರಿವರ್ತಕ) ಪ್ರಮುಖವಾದುದು. ಅಮೆರಿಕದಲ್ಲಿ 1970ರ ದಶಕದ ಮಧ್ಯಭಾಗದಲ್ಲಿಯೇ ಕಾರುಗಳಿಗೆ ಬಂದ ಈ ಸಾಧನವು ದೋಣಿಗಳಿಗೆ ವ್ಯಾಪಕವಾಗಿ ಬಂದದ್ದು ಸುಮಾರು ಮೂರು ದಶಕಗಳ ನಂತರ. ದೋಣಿಯ ಹೊಗೆ ಕೊಳವೆಯನ್ನು ನೀರಿನಿಂದ ತಂಪುಗೊಳಿಸುವ ಪದ್ಧತಿಯೇ ಈ ವಿಳಂಬಕ್ಕೆ ಮುಖ್ಯ ಕಾರಣವಾಗಿತ್ತು.

ಇಂತಹ ನಿಯಮಗಳು ಮೊದಲು ರೂಪುಗೊಂಡದ್ದು ಕುಡಿಯುವ ನೀರಿನ ಸರೋವರಗಳನ್ನು ಕಾಪಾಡುವ ಉದ್ದೇಶದಿಂದ. ಆನಂತರ ನಗರಗಳ ವಾಯುಮಾಲಿನ್ಯವನ್ನು ತಗ್ಗಿಸುವ ಉದ್ದೇಶವೂ ಸೇರಿಕೊಂಡಿತು. 2000ದ ನಂತರ ದೋಣಿಯಲ್ಲಿ ಕುಳಿತವರ ಮತ್ತು ಅದರ ಬಳಿ ಈಜುವವರ ಪ್ರಾಣರಕ್ಷಣೆಯ ಪ್ರಶ್ನೆಯೂ ಮುನ್ನೆಲೆಗೆ ಬಂದಿತು. ಕರ್ನಾಟಕದಲ್ಲಿ ಕರಾವಳಿಯ ನಾಡದೋಣಿಗಳು, ಕಬಿನಿ ಮತ್ತು ಶರಾವತಿ ಹಿನ್ನೀರು, ಜಮಖಂಡಿ, ಬೀಳಗಿ ಭಾಗದ ಕೃಷ್ಣಾ ನದಿ ಮುಂತಾದ ಕಡೆಗಳಲ್ಲಿ ಈ ವಿಷಯಕ್ಕೆ ನೇರ ಸಂಬಂಧವಿದೆ.

ದೋಣಿ ಎಂಜಿನ್‌ಗಳ ವಿಧಗಳು

ವಿಹಾರ ದೋಣಿಗಳಲ್ಲಿ ಬಳಸುವ ಎಂಜಿನ್‌ಗಳನ್ನು ಅವುಗಳ ಜೋಡಣೆಯ ಆಧಾರದ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಔಟ್‌ಬೋರ್ಡ್ ಎಂಜಿನ್: ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ, ಎತ್ತಿ ತೆಗೆಯಲು ಬರುವ ಎಂಜಿನ್. ಮೀನುಗಾರರ ನಾಡದೋಣಿಗಳಲ್ಲಿ ಮತ್ತು ನೆರೆಯ ಸಂದರ್ಭದಲ್ಲಿ ರಕ್ಷಣಾ ಪಡೆಗಳು ತರುವ ರಬ್ಬರ್ ದೋಣಿಗಳಲ್ಲಿ ಕಾಣುವುದು ಇದೇ.

ಇನ್‌ಬೋರ್ಡ್ ಎಂಜಿನ್: ದೋಣಿಯ ಒಡಲೊಳಗೆ ಸ್ಥಿರವಾಗಿ ಕೂರಿಸಿದ ಎಂಜಿನ್. ಇದರಿಂದ ಹೊರಟ ಉದ್ದನೆಯ ದಂಡವು ನೀರಿನಲ್ಲಿರುವ ಪಂಖವನ್ನು ತಿರುಗಿಸುತ್ತದೆ.

ಸ್ಟರ್ನ್‌ಡ್ರೈವ್: ಎಂಜಿನ್ ದೋಣಿಯೊಳಗೆ, ಪಂಖವನ್ನು ತಿರುಗಿಸುವ ಭಾಗ ಹಿಂಬದಿಯ ಹೊರಗೆ ಇರುವ ಮಿಶ್ರ ವ್ಯವಸ್ಥೆ. ಇವುಗಳ ಪೆಟ್ರೋಲ್ ಎಂಜಿನ್‌ಗಳು ಬಹುಮಟ್ಟಿಗೆ ಕಾರು ಮತ್ತು ಸಣ್ಣ ಟ್ರಕ್‌ಗಳ ಎಂಜಿನ್‌ಗಳನ್ನೇ ದೋಣಿಗೆ ಒಗ್ಗಿಸಿದವುಗಳಾಗಿವೆ.

ಜಲ ಸ್ಕೂಟರ್: ಸವಾರನು ಬೈಕಿನಂತೆ ಏರಿ ಕುಳಿತು ಓಡಿಸುವ, ನೀರನ್ನು ಹಿಂದಕ್ಕೆ ಚಿಮ್ಮಿ ಮುಂದೆ ಸಾಗುವ ವಾಹನ.

ಹೊಗೆ ನಿಯಂತ್ರಣದ ನಿಯಮಗಳು ಈ ವಿಂಗಡಣೆಯನ್ನೇ ಅನುಸರಿಸುತ್ತವೆ. ಔಟ್‌ಬೋರ್ಡ್ ಮತ್ತು ಜಲ ಸ್ಕೂಟರ್‌ಗಳಿಗೆ ಒಂದು ಮಿತಿ, ಇನ್‌ಬೋರ್ಡ್ ಮತ್ತು ಸ್ಟರ್ನ್‌ಡ್ರೈವ್‌ಗಳಿಗೆ ಅದಕ್ಕಿಂತ ಬಿಗಿಯಾದ ಮತ್ತೊಂದು ಮಿತಿ ಇರುವುದು ಸಾಮಾನ್ಯ.

ಹೊಗೆಯಲ್ಲಿರುವ ಮಾಲಿನ್ಯಕಾರಕಗಳು

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಮೂರು ಮಾಲಿನ್ಯಕಾರಕಗಳು ಮುಖ್ಯವಾದವು. ಮೊದಲನೆಯದು ಹೈಡ್ರೋಕಾರ್ಬನ್. ಇದು ಉರಿಯದೆ ಅಥವಾ ಅರೆಬರೆ ಉರಿದು ಹೊರಬೀಳುವ ಇಂಧನದ ಅಂಶ. ಎರಡನೆಯದು ಕಾರ್ಬನ್ ಮಾನಾಕ್ಸೈಡ್. ಆಮ್ಲಜನಕ ಸಾಲದೆ ಇಂಧನ ಉರಿದಾಗ ಉಂಟಾಗುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೂರನೆಯದು ಸಾರಜನಕದ ಆಕ್ಸೈಡ್‌ಗಳು. ಎಂಜಿನ್ನಿನೊಳಗಿನ ಅತಿ ಶಾಖದಲ್ಲಿ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡಿ ಇವು ಹುಟ್ಟುತ್ತವೆ. ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡ್‌ಗಳು ಬಿಸಿಲಿನಲ್ಲಿ ಪರಸ್ಪರ ವರ್ತಿಸಿ ನೆಲಮಟ್ಟದ ಓಜೋನ್ ಅನ್ನು ಉಂಟುಮಾಡುತ್ತವೆ. ಈ ಕಾರಣದಿಂದ ನಿಯಮಗಳಲ್ಲಿ ಇವೆರಡನ್ನು ಕೂಡಿಸಿ ಒಂದೇ ಮಿತಿ ಹೇಳುವ ರೂಢಿ ಬೆಳೆದಿದೆ. ಈ ಮಿತಿಯನ್ನು ಎಂಜಿನ್ ಮಾಡಿದ ಪ್ರತಿ ಕಿಲೋವ್ಯಾಟ್-ಗಂಟೆ ಕೆಲಸಕ್ಕೆ ಇಷ್ಟು ಗ್ರಾಂ ಎಂದು ಹೇಳಲಾಗುತ್ತದೆ.

ಡೀಸೆಲ್ ಎಂಜಿನ್‌ಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆ. ಅವುಗಳಲ್ಲಿ ಸಾರಜನಕದ ಆಕ್ಸೈಡ್‌ಗಳು ಮತ್ತು ಮಸಿಯ ಕಣಗಳು ಹೆಚ್ಚು.

ದೋಣಿಯ ಹೊಗೆಗೂ ಕಾರಿನ ಹೊಗೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾರಿನ ಹೊಗೆ ಗಾಳಿಗೆ ಸೇರುತ್ತದೆ. ಬಹುಪಾಲು ವಿಹಾರ ದೋಣಿಗಳು ಹೊಗೆಯನ್ನು ನೀರಿನೊಳಗೆ ಅಥವಾ ನೀರಿನ ಮೇಲ್ಮೈಯ ಅಂಚಿನಲ್ಲಿ ಬಿಡುತ್ತವೆ. ಹೀಗಾಗಿ ಉರಿಯದ ಇಂಧನದ ಒಂದು ಪಾಲು ನೀರಿನಲ್ಲಿಯೇ ಉಳಿಯುತ್ತದೆ.

ಟೂ-ಸ್ಟ್ರೋಕ್ ಎಂಜಿನ್ನಿನ ಸಮಸ್ಯೆ

20ನೆಯ ಶತಮಾನದ ಬಹುಭಾಗದಲ್ಲಿ ಔಟ್‌ಬೋರ್ಡ್‌ಗಳೆಂದರೆ ಕಾರ್ಬ್ಯುರೇಟರ್ ಇರುವ ಟೂ-ಸ್ಟ್ರೋಕ್ ಎಂಜಿನ್‌ಗಳೇ ಆಗಿದ್ದವು. ಇವು ಹಗುರ, ಅಗ್ಗ, ದುರಸ್ತಿಗೆ ಸುಲಭ. ಆದರೆ ಈ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿ ಮತ್ತು ಹೊಸ ಇಂಧನ ಒಳಬರುವ ಕಿಂಡಿ ಕೆಲವು ಕ್ಷಣ ಏಕಕಾಲದಲ್ಲಿ ತೆರೆದಿರುತ್ತವೆ. ಒಳಬಂದ ಇಂಧನ-ಗಾಳಿಯ ಮಿಶ್ರಣವೇ ಹಳೆಯ ಹೊಗೆಯನ್ನು ಹೊರದಬ್ಬುವುದರಿಂದ, ಅದರ ಒಂದು ಭಾಗ ಉರಿಯದೆ ಹಾಗೆಯೇ ಹೊರಗೆ ಸೋರಿಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಈ ನಷ್ಟವು ಒಟ್ಟು ಇಂಧನದ ಶೇ. 25ರಿಂದ 30ರವರೆಗೂ ಇರುತ್ತದೆ. ಅಂದರೆ ತೊಟ್ಟಿಗೆ ನಾಲ್ಕು ಲೀಟರ್ ತುಂಬಿಸಿದರೆ ಸುಮಾರು ಒಂದು ಲೀಟರ್ ಕೆಲಸಕ್ಕೆ ಬಾರದೆ ಹೊಗೆಯೊಂದಿಗೆ ಹೊರಬೀಳುತ್ತದೆ. ಇಂಧನದಲ್ಲಿ ಬೆರೆಸಿದ ಎಂಜಿನ್ ಎಣ್ಣೆಯೂ ಇದರ ಜೊತೆ ಹೋಗುತ್ತದೆ. ಹಳೆಯ ದೋಣಿಯ ಹಿಂದೆ ನೀರಿನ ಮೇಲೆ ಕಾಣುವ ಬಣ್ಣಬಣ್ಣದ ತೆಳುಪದರಕ್ಕೆ ಇಂತಹ ಸೋರಿಕೆಯೇ ಕಾರಣ.

ಇದಕ್ಕೆ ಎರಡು ಪರಿಹಾರಗಳು ಬಂದವು. ಒಂದು, ಒಳಬರುವ ಮತ್ತು ಹೊರಹೋಗುವ ದಾರಿಗಳನ್ನು ಕವಾಟಗಳಿಂದ ಬೇರ್ಪಡಿಸುವ ಫೋರ್-ಸ್ಟ್ರೋಕ್ ಎಂಜಿನ್. ಎರಡು, ಹೊರಹೋಗುವ ಕಿಂಡಿ ಮುಚ್ಚುವ ಹೊತ್ತಿಗೆ ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಸುಧಾರಿತ ಟೂ-ಸ್ಟ್ರೋಕ್ ಎಂಜಿನ್. ಇವೆರಡರ ಬಲದಿಂದ ಔಟ್‌ಬೋರ್ಡ್‌ಗಳು ಸಾಮಾನ್ಯವಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ತಮಗೆ ವಿಧಿಸಿದ ಮಿತಿಯನ್ನು ತಲುಪುತ್ತವೆ.

ಕ್ಯಾಟಲಿಟಿಕ್ ಕನ್ವರ್ಟರಿನ ಕಾರ್ಯವಿಧಾನ

ಕ್ರಿಯಾವರ್ಧಕ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು. ಕನ್ವರ್ಟರಿನೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳಿರುವ ಪಿಂಗಾಣಿ ಜಾತಿಯ ಅಥವಾ ಲೋಹದ ಇಟ್ಟಿಗೆಯೊಂದು ಇರುತ್ತದೆ. ಅದರ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳ ಅತಿ ತೆಳುವಾದ ಲೇಪವಿರುತ್ತದೆ. ಹೊಗೆ ಈ ರಂಧ್ರಗಳ ಮೂಲಕ ಹಾದುಹೋಗುವಾಗ ಮೂರು ಕ್ರಿಯೆಗಳು ನಡೆಯುತ್ತವೆ: ಕಾರ್ಬನ್ ಮಾನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ, ಸಾರಜನಕದ ಆಕ್ಸೈಡ್‌ಗಳು ಒಡೆದು ನಿರುಪದ್ರವಿಯಾದ ಸಾರಜನಕವಾಗುತ್ತವೆ. ಮೂರೂ ಕೆಲಸಗಳನ್ನು ಮಾಡುವುದರಿಂದ ಇದಕ್ಕೆ ತ್ರಿಮುಖ ಪರಿವರ್ತಕ ಎಂಬ ಹೆಸರೂ ಇದೆ.

ಇದು ಸರಿಯಾಗಿ ಕೆಲಸ ಮಾಡಲು ಮೂರು ಷರತ್ತುಗಳಿವೆ. ಇಟ್ಟಿಗೆಯು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣ 14.7ಕ್ಕೆ 1ರ ಆಸುಪಾಸಿನಲ್ಲಿಯೇ ಇರಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸಂವೇದಕವೊಂದು ಕ್ಷಣಕ್ಷಣಕ್ಕೂ ಎಂಜಿನ್ನಿನ ಕಂಪ್ಯೂಟರಿಗೆ ಸಂದೇಶ ಕಳುಹಿಸಿ ಇದನ್ನು ಸಾಧಿಸುತ್ತದೆ. ಇಂಧನದಲ್ಲಿ ಸೀಸ ಇರಬಾರದು. ಸೀಸವು ಲೋಹದ ಲೇಪವನ್ನು ಮುಚ್ಚಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ.

ದೋಣಿಯಲ್ಲಿ ಅಳವಡಿಕೆಯ ತೊಡಕುಗಳು

ಕಾರಿನ ಹೊಗೆ ಕೊಳವೆ ಚಲಿಸುವಾಗ ಬೀಸುವ ಗಾಳಿಗೆ ತಣ್ಣಗಾಗುತ್ತದೆ. ದೋಣಿಯ ಎಂಜಿನ್ ಮುಚ್ಚಿದ ಗೂಡಿನೊಳಗಿದ್ದು, ಪಕ್ಕದಲ್ಲಿಯೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಅಲ್ಲಿ ಕೆಂಪಗೆ ಕಾದ ಕೊಳವೆ ಇದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಹೆಚ್ಚು. ಇದನ್ನು ತಪ್ಪಿಸಲು ಹೊಗೆ ಕೊಳವೆಯ ಸುತ್ತ ನೀರು ಹರಿಸಿ, ಕೊನೆಗೆ ಆ ನೀರನ್ನು ಹೊಗೆಯೊಳಗೇ ಬೆರೆಸಿ ಹೊರಬಿಡುವ ಪದ್ಧತಿ ಬೆಳೆದುಬಂದಿತು. ಕಾಯಬೇಕಾದ ಕನ್ವರ್ಟರಿಗೆ ಈ ತಂಪು ಪ್ರತಿಕೂಲವಾಯಿತು.

ಎರಡನೆಯ ತೊಡಕು ನೀರಿನ ಹಿಮ್ಮರಳುವಿಕೆ. ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆಯ ಒತ್ತಡ ಏರಿಳಿದು, ಕೊಳವೆಯಲ್ಲಿನ ನೀರು ಹಿಂದಕ್ಕೆ ಎಳೆಯಲ್ಪಡುವುದುಂಟು. ಹಠಾತ್ತನೆ ವೇಗ ತಗ್ಗಿಸಿದಾಗ ಹಿಂದಿನ ಅಲೆ ನುಗ್ಗಿಯೂ ನೀರು ಒಳಸೇರಬಹುದು. ಕಾದ ಪಿಂಗಾಣಿ ಇಟ್ಟಿಗೆಗೆ ತಣ್ಣೀರು ತಗಲಿದರೆ ಅದು ಸೀಳುತ್ತದೆ. ಸಮುದ್ರದಲ್ಲಾದರೆ ಉಪ್ಪು ಲೇಪದ ಮೇಲೆ ಕೂರುತ್ತದೆ, ಆಮ್ಲಜನಕದ ಸಂವೇದಕವೂ ಕೆಡುತ್ತದೆ. ಮೂರನೆಯದಾಗಿ, ದೋಣಿಯು ನೀರಿನ ಪ್ರತಿರೋಧವನ್ನು ಸದಾ ಎದುರಿಸುವುದರಿಂದ ಅದರ ಎಂಜಿನ್ ಗಂಟೆಗಟ್ಟಲೆ ಭಾರೀ ಹೊರೆಯಲ್ಲಿ ಓಡುತ್ತದೆ.

ಅಮೆರಿಕದ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಸರ್ಕಾರಿ ಸಂಸ್ಥೆಗಳು ಮತ್ತು ದೋಣಿ ಉದ್ಯಮದ ಸಹಕಾರದಿಂದ ನಡೆದ ಪರೀಕ್ಷೆಗಳು ಈ ತೊಡಕುಗಳು ಪರಿಹಾರವಾಗದಂಥವಲ್ಲವೆಂದು ತೋರಿಸಿದವು. ಹೊಗೆಗೆ ನೀರು ಬೆರೆಯುವ ಜಾಗಕ್ಕಿಂತ ಮೊದಲೇ, ಎಂಜಿನ್ನಿಗೆ ಅಂಟಿಕೊಂಡಂತೆ ಕನ್ವರ್ಟರನ್ನು ಕೂರಿಸಲಾಯಿತು. ಇಟ್ಟಿಗೆಯನ್ನು ನೀರು ಹರಿಯುವ ಹೊರಕವಚದೊಳಗೆ ಇರಿಸಿ, ಒಳಗೆ ಶಾಖ ಉಳಿಯುವಂತೆ, ಹೊರಮೈ ತಣ್ಣಗಿರುವಂತೆ ಮಾಡಲಾಯಿತು. ಹೊಗೆ ಕೊಳವೆಯ ಬಾಗನ್ನು ಎತ್ತರಿಸಿ ನೀರಿನ ಹಿಮ್ಮರಳುವಿಕೆಯನ್ನು ತಡೆಯಲಾಯಿತು. ಇಂಡ್ಮಾರ್, ಮರ್ಕ್ರೂಸರ್, ವೋಲ್ವೊ ಪೆಂಟಾ ಮೊದಲಾದ ತಯಾರಕರು 2000ದ ದಶಕದಲ್ಲಿ ಕನ್ವರ್ಟರ್ ಸಹಿತ ಎಂಜಿನ್‌ಗಳನ್ನು ಮಾರುಕಟ್ಟೆಗೆ ತಂದರು. ಯಮಹಾ ಸಂಸ್ಥೆಯು ಅದಕ್ಕೂ ಮುಂಚೆಯೇ ತನ್ನ ಕೆಲವು ಟೂ-ಸ್ಟ್ರೋಕ್ ಜಲ ಸ್ಕೂಟರ್‌ಗಳಲ್ಲಿ ಇದನ್ನು ಬಳಸಿತ್ತು.

ನಿಯಮಗಳ ಬೆಳವಣಿಗೆ

ಬೋಡನ್ ಸರೋವರ: ಜರ್ಮನಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ಹಂಚಿಕೊಂಡಿರುವ ಈ ಸರೋವರವು ಲಕ್ಷಾಂತರ ಜನರಿಗೆ ಕುಡಿಯುವ ನೀರು ಒದಗಿಸುತ್ತದೆ. ಇಲ್ಲಿ ದೋಣಿ ಎಂಜಿನ್‌ಗಳಿಗೆ 1993ರಲ್ಲಿ ಮೊದಲ ಹಂತದ, 1996ರಲ್ಲಿ ಎರಡನೆಯ ಹಂತದ ಹೊಗೆ ಮಿತಿಗಳು ಜಾರಿಗೆ ಬಂದವು.

ಅಮೆರಿಕ ಸಂಯುಕ್ತ ಸಂಸ್ಥಾನ: ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 1996ರಲ್ಲಿ ಔಟ್‌ಬೋರ್ಡ್ ಮತ್ತು ಜಲ ಸ್ಕೂಟರ್‌ಗಳಿಗೆ ಮೊದಲ ನಿಯಮಗಳನ್ನು ಪ್ರಕಟಿಸಿತು. 1998ರಿಂದ 2006ರವರೆಗೆ ಹಂತಹಂತವಾಗಿ ಹೈಡ್ರೋಕಾರ್ಬನ್ ಅನ್ನು ಶೇ. 75ರಷ್ಟು ತಗ್ಗಿಸುವುದು ಅದರ ಗುರಿಯಾಗಿತ್ತು. 2008ರಲ್ಲಿ ಪ್ರಕಟವಾದ ಎರಡನೆಯ ನಿಯಮವು 2010ರ ಮಾದರಿಗಳಿಂದ ಇನ್‌ಬೋರ್ಡ್ ಮತ್ತು ಸ್ಟರ್ನ್‌ಡ್ರೈವ್ ಪೆಟ್ರೋಲ್ ಎಂಜಿನ್‌ಗಳನ್ನೂ ವ್ಯಾಪ್ತಿಗೆ ತಂದಿತು. ಇದರ ಪ್ರಕಾರ ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡ್‌ಗಳು ಒಟ್ಟಾಗಿ ಕಿಲೋವ್ಯಾಟ್-ಗಂಟೆಗೆ 5 ಗ್ರಾಂ, ಕಾರ್ಬನ್ ಮಾನಾಕ್ಸೈಡ್ 75 ಗ್ರಾಂ ಮೀರುವಂತಿಲ್ಲ. ನಿಯಮವು ಕನ್ವರ್ಟರನ್ನೇ ಬಳಸಬೇಕೆಂದು ಹೇಳುವುದಿಲ್ಲ. ಆದರೆ ಈ ಮಿತಿಯನ್ನು ತಲುಪಲು ತಯಾರಕರು ಆರಿಸಿಕೊಂಡ ಮಾರ್ಗ ಅದೇ. ಇಂತಹ ಎಂಜಿನ್ 480 ಗಂಟೆಗಳ ಓಟ ಅಥವಾ 10 ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಿತಿಯೊಳಗೆ ಇರಬೇಕು. 40 ಕಿಲೋವ್ಯಾಟ್ ಮೀರಿದ ಔಟ್‌ಬೋರ್ಡ್‌ಗಳಿಗೆ ಕಾರ್ಬನ್ ಮಾನಾಕ್ಸೈಡ್‌ನ ಮಿತಿ 300 ಗ್ರಾಂ. 373 ಕಿಲೋವ್ಯಾಟ್ ಮೀರಿದ ಅತಿ ಬಲಶಾಲಿ ಎಂಜಿನ್‌ಗಳಿಗೆ ಪ್ರತ್ಯೇಕವಾದ, ಸಡಿಲವಾದ ಮಿತಿಗಳಿವೆ.

ಕ್ಯಾಲಿಫೋರ್ನಿಯಾ: ಈ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯು ರಾಷ್ಟ್ರೀಯ ನಿಯಮಕ್ಕಿಂತ ಮುಂದೆ ಸಾಗಿತು. 2006ರ ರಾಷ್ಟ್ರೀಯ ಗುರಿಯನ್ನು ಅದು 2001ರಲ್ಲಿಯೇ ಕಡ್ಡಾಯಗೊಳಿಸಿ, 2004 ಮತ್ತು 2008ರಲ್ಲಿ ಮತ್ತಷ್ಟು ಬಿಗಿಗೊಳಿಸಿತು. ಎಂಜಿನ್ ಎಷ್ಟು ಶುದ್ಧವೆಂದು ಕೊಳ್ಳುವವರಿಗೆ ಒಂದೇ ನೋಟಕ್ಕೆ ತಿಳಿಯಲೆಂದು ಒಂದರಿಂದ ನಾಲ್ಕು ನಕ್ಷತ್ರಗಳ ಚೀಟಿಯನ್ನು ಅಂಟಿಸುವ ಪದ್ಧತಿಯನ್ನೂ ಜಾರಿಗೆ ತಂದಿತು. ಕನ್ವರ್ಟರ್ ಇರುವ ಎಂಜಿನ್‌ಗಳಿಗೆ ಸಾಮಾನ್ಯವಾಗಿ ದೊರೆಯುವುದು ನಾಲ್ಕು ನಕ್ಷತ್ರ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿರುವ ಟಾಹೊ ಸರೋವರದಲ್ಲಿ ಕಾರ್ಬ್ಯುರೇಟರ್ ಉಳ್ಳ ಟೂ-ಸ್ಟ್ರೋಕ್ ಎಂಜಿನ್‌ಗಳನ್ನು 1999ರಲ್ಲಿ ನಿಷೇಧಿಸಲಾಯಿತು.

ಐರೋಪ್ಯ ಒಕ್ಕೂಟ: 1994ರ ವಿಹಾರ ನೌಕೆಗಳ ನಿರ್ದೇಶನವು ದೋಣಿಯ ರಚನೆ ಮತ್ತು ಸುರಕ್ಷತೆಗೆ ಸಂಬಂಧಿಸಿತ್ತು. 2003ರ ತಿದ್ದುಪಡಿಯಿಂದ ಹೊಗೆ ಮತ್ತು ಶಬ್ದದ ಮಿತಿಗಳು ಸೇರಿದವು. 2013ರಲ್ಲಿ ಅಂಗೀಕಾರವಾಗಿ 2016ರ ಜನವರಿಯಿಂದ ಅನ್ವಯವಾದ ಹೊಸ ನಿರ್ದೇಶನವು ಅಮೆರಿಕದ 5 ಗ್ರಾಂ ಮತ್ತು 75 ಗ್ರಾಂ ಮಿತಿಗಳನ್ನೇ ಸ್ವೀಕರಿಸಿತು. ಇದರಿಂದ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಒಂದೇ ಮಾದರಿಯ ಎಂಜಿನ್ ಮಾರಲು ಅನುಕೂಲವಾಯಿತು.

ಅಂತರರಾಷ್ಟ್ರೀಯ ಒಪ್ಪಂದ: ಹಡಗುಗಳ ಮಾಲಿನ್ಯ ತಡೆಗೆ ಸಂಬಂಧಿಸಿದ ಮಾರ್‌ಪೋಲ್ ಒಪ್ಪಂದದ ಆರನೆಯ ಅನುಬಂಧವು 2005ರ ಮೇ ತಿಂಗಳಿನಲ್ಲಿ ಜಾರಿಗೆ ಬಂದಿತು. ಇದರ ಸಾರಜನಕದ ಆಕ್ಸೈಡ್ ಮಿತಿಗಳು 130 ಕಿಲೋವ್ಯಾಟ್‌ಗೂ ಹೆಚ್ಚು ಸಾಮರ್ಥ್ಯದ ಡೀಸೆಲ್ ಎಂಜಿನ್‌ಗಳಿಗೆ ಸಂಬಂಧಿಸಿದವು. ಸಣ್ಣ ಪೆಟ್ರೋಲ್ ದೋಣಿಗಳು ಇದರ ಹೊರಗುಳಿಯುತ್ತವೆ.

ಕಾರ್ಬನ್ ಮಾನಾಕ್ಸೈಡ್ ಮತ್ತು ಪ್ರಾಣಾಪಾಯ

ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ಬಿಸಿಲಿನ ಆಯಾಸ ಅಥವಾ ದೋಣಿಯ ಓಲಾಟದಿಂದಾದ ವಾಕರಿಕೆ ಎಂದು ಇವುಗಳನ್ನು ಕಡೆಗಣಿಸುವ ಸಂಭವ ಹೆಚ್ಚು. ನೀರಿನಲ್ಲಿರುವವರಿಗೆ ಎಚ್ಚರ ತಪ್ಪಿದರೆ ಅವರು ಮುಳುಗುತ್ತಾರೆ. ಹೀಗಾಗಿ ವಿಷಾನಿಲದಿಂದಾದ ಸಾವು ಮುಳುಗಿ ಸತ್ತ ಪ್ರಕರಣವೆಂದು ದಾಖಲಾಗುವ ಸಾಧ್ಯತೆ ಇರುತ್ತದೆ.

ತೆರೆದ ಬಯಲಿನಲ್ಲಿ ಅನಿಲ ಚದುರಿಹೋಗುತ್ತದೆಂಬ ನಂಬಿಕೆಯನ್ನು ಅಮೆರಿಕದ ಪೊವೆಲ್ ಜಲಾಶಯದ ದುರಂತಗಳು ಸುಳ್ಳು ಮಾಡಿದವು. ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ ಅಣೆಕಟ್ಟಿನಿಂದ ಉಂಟಾದ ಈ ಜಲಾಶಯದಲ್ಲಿ ದೋಣಿಮನೆಗಳ ಹಿಂಬದಿಯ ಈಜು ಹಲಗೆಯ ಬಳಿ ಹಲವರು ಅಸುನೀಗಿದ್ದರು. 2000ರಿಂದ ನಡೆದ ಸರ್ಕಾರಿ ತನಿಖೆಗಳಲ್ಲಿ, ಜನರೇಟರಿನ ಹೊಗೆಯು ಈಜು ಹಲಗೆಯ ಕೆಳಗಿನ ಪೊಟರೆಯಲ್ಲಿ ಮಾರಕ ಪ್ರಮಾಣದಲ್ಲಿ ಶೇಖರವಾಗುತ್ತಿದ್ದುದು ಕಂಡುಬಂದಿತು. ಚಲಿಸುವ ದೋಣಿಯ ಹಿಂದೆ ಉಂಟಾಗುವ ಕಡಿಮೆ ಒತ್ತಡದ ಪ್ರದೇಶವೂ ಹೊಗೆಯನ್ನು ಮರಳಿ ದೋಣಿಯೊಳಗೆ ಎಳೆಯುತ್ತದೆ. ಚಲಿಸುವ ದೋಣಿಯ ಈಜು ಹಲಗೆ ಹಿಡಿದು ತೇಲುವ ಆಟವನ್ನು ಕ್ಯಾಲಿಫೋರ್ನಿಯಾ 2004ರಲ್ಲಿ ಅಂಗೀಕರಿಸಿದ ಕಾನೂನಿನ ಮೂಲಕ ನಿಷೇಧಿಸಿತು. ಕಾರ್ಬನ್ ಮಾನಾಕ್ಸೈಡ್‌ಗೆ 75 ಗ್ರಾಂಗಳ ಮಿತಿ ಬಂದದ್ದು ಈ ಹಿನ್ನೆಲೆಯಲ್ಲಿ.

ಕನ್ವರ್ಟರ್ ಈ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿಯಾಗಿ ನಿವಾರಿಸುವುದಿಲ್ಲ. ಎಂಜಿನ್ ಈಗಷ್ಟೇ ಚಾಲೂ ಆಗಿದ್ದು ಇಟ್ಟಿಗೆ ಕಾಯದಿರುವಾಗ, ಪೂರ್ಣ ವೇಗದಲ್ಲಿ ಹೆಚ್ಚುವರಿ ಇಂಧನ ಹರಿಯುವಾಗ ಮತ್ತು ಕನ್ವರ್ಟರ್ ಕೆಟ್ಟಿರುವಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿಯೇ ಹೊರಬೀಳುತ್ತದೆ.

ಭಾರತದಲ್ಲಿ

ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಯಲ್ಲಿದೆ. ಆದರೆ ಈ ಮಾನದಂಡಗಳು ಮೋಟಾರು ವಾಹನ ಕಾನೂನಿನಡಿ ಬರುವ ರಸ್ತೆ ವಾಹನಗಳಿಗೆ ಸಂಬಂಧಿಸಿದವು, ದೋಣಿಗಳಿಗೆ ಅನ್ವಯವಾಗುವುದಿಲ್ಲ. ಬೈಕಿಗೆ ಕಡ್ಡಾಯವಾಗಿರುವ ಎಮಿಷನ್ ಟೆಸ್ಟ್ ಪ್ರಮಾಣಪತ್ರದ ವ್ಯವಸ್ಥೆ ಔಟ್‌ಬೋರ್ಡ್ ಎಂಜಿನ್‌ಗೆ ವಿಸ್ತರಿಸಿಲ್ಲ.

ನದಿ, ಕಾಲುವೆ ಮತ್ತು ಹಿನ್ನೀರಿನ ಯಂತ್ರಚಾಲಿತ ನೌಕೆಗಳಿಗೆ 1917ರ ಕಾಯ್ದೆಯ ಬದಲು ಒಳನಾಡು ನೌಕೆಗಳ ಕಾಯ್ದೆ, 2021 ಬಂದಿದೆ. ನೌಕೆಗಳ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ, ಪ್ರಯಾಣಿಕರ ಸುರಕ್ಷತೆ, ಮಾಲಿನ್ಯ ತಡೆ ಇವು ಅದರ ವ್ಯಾಪ್ತಿಯಲ್ಲಿವೆ. ಮಾಲಿನ್ಯಕಾರಕ ವಸ್ತುಗಳನ್ನು ಅಧಿಸೂಚಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದ್ದು, ನೌಕೆಗಳಿಗೆ ಮಾಲಿನ್ಯ ತಡೆ ಪ್ರಮಾಣಪತ್ರ ನೀಡಲು ಅವಕಾಶವಿದೆ. ಇದಲ್ಲದೆ 1974ರ ಜಲ ಮಾಲಿನ್ಯ ತಡೆ ಕಾಯ್ದೆ ಮತ್ತು 1981ರ ವಾಯು ಮಾಲಿನ್ಯ ತಡೆ ಕಾಯ್ದೆಗಳ ಸಾಮಾನ್ಯ ಉಪಬಂಧಗಳೂ ಇವೆ.

ಕರ್ನಾಟಕದಲ್ಲಿ

ಕರಾವಳಿ: ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಔಟ್‌ಬೋರ್ಡ್‌ಗಳು ದೀರ್ಘಕಾಲದಿಂದ ಬಳಕೆಯಲ್ಲಿವೆ. ಇವನ್ನು ಪೆಟ್ರೋಲಿನಿಂದ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಲಾಗುತ್ತದೆ. ರಾಜ್ಯ ಸರ್ಕಾರವು ಮೀನುಗಾರರಿಗೆ ರಿಯಾಯಿತಿ ದರದಲ್ಲಿ ಸೀಮೆಎಣ್ಣೆ ಒದಗಿಸುತ್ತ ಬಂದಿದ್ದು, ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗಲು ಸಹಾಯಧನದ ಯೋಜನೆಯನ್ನೂ ಪ್ರಕಟಿಸಿದೆ. ಇವು ವಿಹಾರ ದೋಣಿಗಳಲ್ಲದಿದ್ದರೂ ಎಂಜಿನ್ ಒಂದೇ ಜಾತಿಯದು. ಎಂಜಿನ್ನಿನ ಆಯ್ಕೆ ಇಲ್ಲಿ ಕುಟುಂಬದ ಜೀವನೋಪಾಯದ ಪ್ರಶ್ನೆಯಾಗಿರುವುದರಿಂದ, ಕೇವಲ ನಿಷೇಧದಿಂದ ಬದಲಾವಣೆ ಸಾಧ್ಯವಾಗದು.

ವನ್ಯಜೀವಿ ತಾಣಗಳು: 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಗಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ಪ್ರವಾಸಿಗರನ್ನು ಹುಟ್ಟು ಹಾಕುವ ದೋಣಿಗಳಲ್ಲಿ ಕರೆದೊಯ್ಯಲಾಗುತ್ತದೆ. ವಿಶಾಲವಾದ ಕಬಿನಿ ಹಿನ್ನೀರಿನ ಸಫಾರಿಗೆ ಯಂತ್ರಚಾಲಿತ ದೋಣಿಗಳು ಬಳಕೆಯಾಗುತ್ತವೆ.

ಶರಾವತಿ ಹಿನ್ನೀರು: ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸಿಗಂದೂರಿನ ಯಾತ್ರಿಕರನ್ನು, ವಾಹನಗಳನ್ನು ದಾಟಿಸುತ್ತಿದ್ದ ಡೀಸೆಲ್ ಲಾಂಚ್‌ಗಳು ದಶಕಗಳ ಕಾಲ ಆ ಭಾಗದ ಜೀವನಾಡಿಯಾಗಿದ್ದವು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು.

ಕೃಷ್ಣಾ ತೀರ: ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗಗಳಲ್ಲಿ ಕೃಷ್ಣಾ ನದಿಯೂ, ಮುಧೋಳ ಭಾಗದಲ್ಲಿ ಘಟಪ್ರಭಾ ನದಿಯೂ ಹರಿಯುತ್ತವೆ. ಹಿಪ್ಪರಗಿ ಬ್ಯಾರೇಜ್, 1989ರಲ್ಲಿ ರೈತರೇ ಶ್ರಮದಾನ ಮತ್ತು ವಂತಿಗೆಯಿಂದ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ಹಾಗೂ ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದ ಹಿನ್ನೀರು ಇಲ್ಲಿ ನದಿಯನ್ನು ವರ್ಷದ ಬಹುಕಾಲ ನಿಂತ ನೀರಾಗಿ ಮಾರ್ಪಡಿಸಿವೆ. ಹರಿಯುವ ನೀರಿನಲ್ಲಿ ಕೊಚ್ಚಿಹೋಗುವ ಎಣ್ಣೆಯ ಅಂಶ ನಿಂತ ನೀರಿನಲ್ಲಿ ಹೆಚ್ಚು ಕಾಲ ಉಳಿಯಬಲ್ಲದು. ಇದೇ ನೀರು ಹೊಲಕ್ಕೂ ಊರಿನ ನಲ್ಲಿಗೂ ಹೋಗುವುದರಿಂದ, ಜಮಖಂಡಿ ತಾಲ್ಲೂಕಿನ ಹುನ್ನೂರದಂತಹ ಊರುಗಳಿರುವ ಈ ಸೀಮೆಗೂ ಬೋಡನ್ ಸರೋವರದ ಅನುಭವ ಪ್ರಸ್ತುತವಾಗುತ್ತದೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯು ದೇಶದ ಒಟ್ಟು 111 ಜಲಮಾರ್ಗಗಳನ್ನು ಹೆಸರಿಸಿದ್ದು, ಅವುಗಳಲ್ಲಿ ಘಟಪ್ರಭಾ, ಮಲಪ್ರಭಾ ಮತ್ತು ಭೀಮಾ ನದಿಗಳ ಭಾಗಗಳೂ ಸೇರಿವೆ. ತೆಲಂಗಾಣದ ವಜೀರಾಬಾದ್‌ನಿಂದ ಬೀಳಗಿ ತಾಲ್ಲೂಕಿನ ಗಲಗಲಿಯವರೆಗಿನ 628 ಕಿ.ಮೀ. ಉದ್ದದ ಕೃಷ್ಣಾ ನದಿಯು ನಾಲ್ಕನೆಯ ರಾಷ್ಟ್ರೀಯ ಜಲಮಾರ್ಗದ ಭಾಗವಾಗಿದೆ.

ಈ ಭಾಗದ ಸಾಂಪ್ರದಾಯಿಕ ಜಲವಾಹನಗಳು ಹರಗೋಲು ಮತ್ತು ತೆಪ್ಪ. ಇವುಗಳಿಗೆ ಇಂಧನವೇ ಬೇಡ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಜಮಖಂಡಿ ಮತ್ತು ಮುಧೋಳ ತಾಲ್ಲೂಕುಗಳ ನದೀತೀರದ ಹಳ್ಳಿಗಳು ಜಲಾವೃತವಾದಾಗ ಜನರನ್ನು ಸಾಗಿಸಿದ್ದು ಬಹುಮಟ್ಟಿಗೆ ಯಂತ್ರಚಾಲಿತ ದೋಣಿಗಳು. ಹಗುರವಾದ, ತಟ್ಟನೆ ಚಾಲೂ ಆಗುವ ಔಟ್‌ಬೋರ್ಡ್‌ನ ಉಪಯುಕ್ತತೆ ಇಂತಹ ಹೊತ್ತಿನಲ್ಲಿ ನಿರ್ವಿವಾದ. ಹಲವು ದೇಶಗಳ ನಿಯಮಗಳು ತುರ್ತು ರಕ್ಷಣೆಯ ದೋಣಿಗಳಿಗೆ ವಿನಾಯಿತಿ ನೀಡಿರುವುದು ಇದೇ ಕಾರಣಕ್ಕೆ.

ಎಥೆನಾಲ್ ಮಿಶ್ರಿತ ಇಂಧನ

ಬಾಗಲಕೋಟೆ ಜಿಲ್ಲೆಯು ಕಬ್ಬಿನ ಸೀಮೆ. ಸಮೀರವಾಡಿಯೂ ಸೇರಿದಂತೆ ಇಲ್ಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಎಥೆನಾಲ್ ತಯಾರಾಗುತ್ತದೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ ಭಾರತದಲ್ಲಿ 2023ರಲ್ಲಿ ಆರಂಭವಾಯಿತು. ದೋಣಿ ಎಂಜಿನ್ ತಯಾರಕರಲ್ಲಿ ಬಹುತೇಕರು ಶೇ. 10ರವರೆಗಿನ ಮಿಶ್ರಣಕ್ಕೆ ಮಾತ್ರ ಒಪ್ಪಿಗೆ ನೀಡುತ್ತಾರೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಅಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ವಾರಗಟ್ಟಲೆ ನಿಲ್ಲಿಸಿಟ್ಟ ದೋಣಿಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಹಾಗೆ ಬೇರ್ಪಟ್ಟ ಇಂಧನದಿಂದ ಎಂಜಿನ್ ತಡವರಿಸಿದಾಗ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಇಟ್ಟಿಗೆಯನ್ನು ಕರಗಿಸಬಹುದು.

ಬಳಕೆ ಮತ್ತು ನಿರ್ವಹಣೆ

ಕನ್ವರ್ಟರ್ ಇರುವ ಎಂಜಿನ್‌ಗೆ ಸೀಸರಹಿತ ಪೆಟ್ರೋಲನ್ನೇ ಬಳಸಬೇಕು. ಸ್ಪಾರ್ಕ್ ಪ್ಲಗ್ ಕೆಟ್ಟಿದ್ದರೆ ಓಡಿಸುವುದನ್ನು ಮುಂದುವರಿಸಬಾರದು. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿನ ತಂಪುಗೊಳಿಸುವ ದಾರಿಗಳನ್ನು ಸಿಹಿನೀರಿನಿಂದ ತೊಳೆಯಬೇಕು. ಎಚ್ಚರಿಕೆಯ ದೀಪ ಹತ್ತಿದಾಗ ಆಮ್ಲಜನಕದ ಸಂವೇದಕವನ್ನು ಪರೀಕ್ಷಿಸಬೇಕು. ಹಳೆಯ ಟೂ-ಸ್ಟ್ರೋಕ್ ಎಂಜಿನ್ ಬಳಸುವವರು ತಯಾರಕರು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಎಣ್ಣೆ ಬೆರೆಸಬಾರದು, ಇಂಧನವನ್ನು ದಡದಲ್ಲಿಯೇ ತುಂಬಿಸಿಕೊಳ್ಳಬೇಕು. ಯಾವ ಬಗೆಯ ಎಂಜಿನ್ ಆದರೂ ಅದು ಓಡುತ್ತಿರುವಾಗ ದೋಣಿಯ ಹಿಂಬದಿಯಲ್ಲಿ ಮಕ್ಕಳನ್ನು ಕೂರಿಸುವುದು, ಅಲ್ಲಿ ಈಜುವುದು ಅಪಾಯಕಾರಿ. ಮುಚ್ಚಿದ ಕೋಣೆಗಳಿರುವ ದೋಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಸೂಚಕ ಗಂಟೆ ಇರಬೇಕೆಂದು ತಜ್ಞರು ಶಿಫಾರಸು ಮಾಡುತ್ತಾರೆ.

ಬದಲಿ ಮಾರ್ಗಗಳು

ಹೊಗೆಯನ್ನು ಶುದ್ಧೀಕರಿಸುವ ಬದಲು ಹೊಗೆಯೇ ಇಲ್ಲದ ದೋಣಿಗಳತ್ತಲೂ ಪ್ರಯತ್ನಗಳು ನಡೆದಿವೆ. ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ 2017ರ ಜನವರಿಯಲ್ಲಿ ಸಂಚಾರ ಆರಂಭಿಸಿದ, 75 ಆಸನಗಳ ‘ಆದಿತ್ಯ’ ಭಾರತದ ಮೊದಲ ಸೌರಶಕ್ತಿ ಚಾಲಿತ ಪ್ರಯಾಣಿಕ ದೋಣಿ. ಕೊಚ್ಚಿ ವಾಟರ್ ಮೆಟ್ರೊ 2023ರ ಏಪ್ರಿಲ್‌ನಲ್ಲಿ ಬ್ಯಾಟರಿ ಆಧಾರಿತ ದೋಣಿಗಳೊಂದಿಗೆ ಆರಂಭವಾಯಿತು. ವಾರಾಣಸಿಯಲ್ಲಿ ಗಂಗಾ ನದಿಯ ದೋಣಿಗಳ ಡೀಸೆಲ್ ಎಂಜಿನ್‌ಗಳನ್ನು ಸಂಕುಚಿತ ನೈಸರ್ಗಿಕ ಅನಿಲಕ್ಕೆ ಪರಿವರ್ತಿಸಲಾಗಿದೆ. ನಿಗದಿತ ದೂರದಲ್ಲಿ, ನಿಧಾನ ವೇಗದಲ್ಲಿ ಓಡುವ ವಿಹಾರ ದೋಣಿಗಳಿಗೆ ಬ್ಯಾಟರಿ ಎಂಜಿನ್ ಸೂಕ್ತ. ದೂರದ ಪ್ರಯಾಣ, ಅಧಿಕ ವೇಗ ಮತ್ತು ತುರ್ತು ರಕ್ಷಣಾ ಕಾರ್ಯಗಳಿಗೆ ಪೆಟ್ರೋಲ್ ಎಂಜಿನ್‌ಗಳ ಬಳಕೆ ಮುಂದುವರಿದಿದೆ.